ಜೀವಕೋಶದೊಳಗೆ ಹೊರಗಿನ ಡಿಎನ್‌ಎ ಸೇರಿಸಲು ಇಷ್ಟೊಂದು ವಿಧಾನಗಳೇಕೆ, ಯಾವುದನ್ನು ಆರಿಸಬೇಕು?

ಕ್ಯಾಲ್ಸಿಯಂ ಕ್ಲೋರೈಡ್, ಎಲೆಕ್ಟ್ರೊಪೊರೇಶನ್, ಜೀನ್ ಗನ್, ಅಗ್ರೋಬ್ಯಾಕ್ಟೀರಿಯಂ, ವೈರಸ್ ವಾಹಕಗಳು ಎಂದು ಪಠ್ಯದಲ್ಲಿ ಸಾಲಾಗಿ ಓದಿದ್ದೀರಿ. ಇವುಗಳಲ್ಲಿ ಅತ್ಯುತ್ತಮವಾದುದು ಯಾವುದು, ಅಂಥದ್ದೊಂದು ಇರುವುದಾದರೆ ಉಳಿದವು ಇನ್ನೂ ಏಕೆ ಬಳಕೆಯಲ್ಲಿವೆ ಎಂದು ಕೇಳಿದ್ದೀರಿ. ಹಲವು ವರ್ಷಗಳಿಂದ ಪ್ರಯೋಗಾಲಯದಲ್ಲಿ ಈ ಕೆಲಸ ಮಾಡುತ್ತಿರುವ ಅನುಭವದಿಂದ ಉತ್ತರಿಸುತ್ತೇನೆ. ಎಲ್ಲ ಕೋಶಗಳಿಗೂ ಒಗ್ಗುವ ವಿಧಾನವೆಂಬುದು ಇಲ್ಲ. ಆಯ್ಕೆಯನ್ನು ನಿರ್ಧರಿಸುವುದು ಎರಡು ಸಂಗತಿಗಳು: ಆ ಕೋಶ ಡಿಎನ್‌ಎಗೆ ಯಾವ ಯಾವ ಅಡ್ಡಿಗಳನ್ನು ಒಡ್ಡುತ್ತದೆ ಎಂಬುದು ಒಂದು, ಒಳಗೆ ಹೋದ ಡಿಎನ್‌ಎ ಅಲ್ಲಿ ಎಷ್ಟು ಕಾಲ ಉಳಿಯಬೇಕೆಂದು ನಾವು ಬಯಸುತ್ತೇವೆ ಎಂಬುದು ಇನ್ನೊಂದು. ವಿಧಾನಗಳ ಹೆಸರುಗಳನ್ನು ಬಾಯಿಪಾಠ ಮಾಡುವ ಬದಲು ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಪ್ರತಿಯೊಂದು ವಿಧಾನವೂ ಒಂದು ನಿರ್ದಿಷ್ಟ ಅಡ್ಡಿಗೆ ಸಿಕ್ಕ ಉತ್ತರವೆಂದು ಕಾಣತೊಡಗುತ್ತದೆ.

ಮೊದಲು ಅಡ್ಡಿಗಳನ್ನು ನೋಡೋಣ. ಡಿಎನ್‌ಎಯ ಬೆನ್ನೆಲುಬಿನಲ್ಲಿರುವ ಪ್ರತಿಯೊಂದು ಫಾಸ್ಫೇಟ್ ಗುಂಪೂ ಋಣಾವೇಶವನ್ನು ಹೊತ್ತಿರುತ್ತದೆ. ಕೋಶಪೊರೆಯ ಹೊರಮೈ ಕೂಡ ಸಾಮಾನ್ಯವಾಗಿ ಋಣಾವೇಶದ್ದೇ ಆಗಿರುವುದರಿಂದ ಇವೆರಡೂ ಪರಸ್ಪರ ವಿಕರ್ಷಿಸುತ್ತವೆ. ಹತ್ತಿರ ಬಂದರೂ, ಸುಮಾರು 5 ನ್ಯಾನೊಮೀಟರ್ ದಪ್ಪದ ಆ ಪೊರೆಯ ಒಳಪದರ ಕೊಬ್ಬಿನಿಂದಾದದ್ದು. ಇಷ್ಟು ಆವೇಶವುಳ್ಳ, ಇಷ್ಟು ಉದ್ದದ ಅಣು ಅದನ್ನು ತಾನಾಗಿ ದಾಟಲಾರದು. ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ಸಸ್ಯಗಳಲ್ಲಿ ಪೊರೆಯ ಹೊರಗೆ ಗಟ್ಟಿಯಾದ ಕೋಶಭಿತ್ತಿಯೂ ಇರುತ್ತದೆ. ಇಷ್ಟನ್ನೂ ದಾಟಿ ಒಳಗೆ ಹೋದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಬ್ಯಾಕ್ಟೀರಿಯಾದಲ್ಲಿ ಪರಕೀಯ ಡಿಎನ್‌ಎಯನ್ನು ಗುರುತಿಸಿ ಕತ್ತರಿಸುವ ರೆಸ್ಟ್ರಿಕ್ಷನ್ ಕಿಣ್ವಗಳಿವೆ; ಪ್ರಾಣಿಕೋಶಗಳಲ್ಲಿ ಕೋಶದ್ರವದೊಳಗೆ ಡಿಎನ್‌ಎ ಕಂಡುಬಂದರೆ ಅದನ್ನು ಸೋಂಕಿನ ಸೂಚನೆಯೆಂದು ಪರಿಗಣಿಸುವ ಸಿಜಿಎಎಸ್‌ನಂಥ ಪ್ರೋಟೀನುಗಳಿವೆ; ಆಮೇಲೆ ಕೋಶಕೇಂದ್ರದ ಸುತ್ತಲಿನ ಪೊರೆ ಬೇರೆ ಇದೆ. ಒಳಗೆ ಸೇರಿಸುವುದು ಬೇರೆ, ಸೇರಿಸಿದ ಜೀನ್ ಕೆಲಸ ಮಾಡುವಂತೆ ಮಾಡುವುದು ಬೇರೆ.

ಕೆಲವು ಬ್ಯಾಕ್ಟೀರಿಯಾಗಳು ಸುತ್ತಲಿನ ಡಿಎನ್‌ಎಯನ್ನು ಸಹಜವಾಗಿಯೇ ಒಳಗೆಳೆದುಕೊಳ್ಳುತ್ತವೆ. 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ನ್ಯುಮೋನಿಯಾ ಬ್ಯಾಕ್ಟೀರಿಯಾಗಳಲ್ಲಿ ಕಂಡ ರೂಪಾಂತರಕ್ಕೆ ಇದೇ ಕಾರಣವಾಗಿತ್ತು. ಆ ರೂಪಾಂತರವನ್ನು ಉಂಟುಮಾಡುವ ವಸ್ತು ಡಿಎನ್‌ಎಯೇ ಎಂದು 1944ರಲ್ಲಿ ಏವರಿ, ಮೆಕ್ಲಿಯಾಡ್ ಮತ್ತು ಮೆಕಾರ್ಟಿ ತೋರಿಸಿದರು. ಆದರೆ ಪ್ರಯೋಗಾಲಯಗಳ ನೆಚ್ಚಿನ ಇ. ಕೊಲೈ ಸಾಮಾನ್ಯ ಸ್ಥಿತಿಯಲ್ಲಿ ಹೀಗೆ ಮಾಡುವುದಿಲ್ಲ. ತಣ್ಣನೆಯ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಟ್ಟರೆ ಅದು ವೈರಸ್ಸಿನ ಡಿಎನ್‌ಎಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂದು 1970ರಲ್ಲಿ ಮ್ಯಾಂಡೆಲ್ ಮತ್ತು ಹಿಗಾ ತೋರಿಸಿದರು. ಎರಡು ವರ್ಷಗಳ ನಂತರ ಸ್ಟ್ಯಾನ್ಲಿ ಕೋಹೆನ್ ಅವರ ತಂಡ ಅದೇ ರೀತಿಯಲ್ಲಿ ಪ್ಲಾಸ್ಮಿಡ್ಡನ್ನು, ಅಂದರೆ ವರ್ಣತಂತುವಿನಿಂದ ಬೇರೆಯಾಗಿ ತಾನೇ ನಕಲುಗೊಳ್ಳುವ ಪುಟ್ಟ ಡಿಎನ್‌ಎ ಉಂಗುರವನ್ನು, ಸೇರಿಸಿತು. ಜೀನ್ ತಂತ್ರಜ್ಞಾನವೆಲ್ಲ ನಿಂತಿರುವುದು ಇಷ್ಟು ಸರಳವಾದ ಉಪ್ಪಿನ ದ್ರಾವಣದ ಮೇಲೆ ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ.

ಈ ವಿಧಾನದಲ್ಲಿ ಕೋಶಗಳನ್ನೂ ಪ್ಲಾಸ್ಮಿಡ್ಡನ್ನೂ ಬೆರೆಸಿ ಸುಮಾರು ಅರ್ಧ ಗಂಟೆ ಮಂಜುಗಡ್ಡೆಯಲ್ಲಿಟ್ಟು, 42 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 45 ಸೆಕೆಂಡಿನ ಆಸುಪಾಸು ಇರಿಸಿ, ಮತ್ತೆ ತಣಿಸುತ್ತೇವೆ. ಕ್ಯಾಲ್ಸಿಯಂ ಅಯಾನುಗಳು ಎರಡೂ ಕಡೆಯ ಋಣಾವೇಶವನ್ನು ಶಮನಗೊಳಿಸಿ ಡಿಎನ್‌ಎ ಕೋಶದ ಮೇಲ್ಮೈಗೆ ಅಂಟಿಕೊಳ್ಳುವಂತೆ ಮಾಡುತ್ತವೆ. ಹಠಾತ್ತನೆ ಏರಿದ ಉಷ್ಣತೆ ಅದು ಒಳಸೇರಲು ನೆರವಾಗುತ್ತದೆ. ಆಮೇಲೆ ಪ್ರತಿಜೀವಕವಿಲ್ಲದ ಪೋಷಕ ದ್ರವದಲ್ಲಿ 37 ಡಿಗ್ರಿಯಲ್ಲಿ ಒಂದು ಗಂಟೆ ಬೆಳೆಸುವ ಹಂತವಿದೆ. ಹೊಸಬರು ಅವಸರದಲ್ಲಿ ಬಿಟ್ಟುಬಿಡುವುದು ಇದನ್ನೇ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಪ್ಲಾಸ್ಮಿಡ್ ಪಡೆದ ಕೋಶಗಳನ್ನಷ್ಟೇ ಉಳಿಸಿಕೊಳ್ಳಲು ಕೊನೆಗೆ ಅವನ್ನು ಪ್ರತಿಜೀವಕ ಬೆರೆಸಿದ ತಟ್ಟೆಯಲ್ಲಿ ಬೆಳೆಸುತ್ತೇವೆ. ಒಳಗೆ ಬಂದ ಪ್ಲಾಸ್ಮಿಡ್‌ನಲ್ಲಿ ಪ್ರತಿಜೀವಕವನ್ನು ಎದುರಿಸುವ ಜೀನ್ ಇದ್ದರೂ ಅದರ ಪ್ರೋಟೀನ್ ತಯಾರಾಗಲು ಸಮಯ ಬೇಕು. ಆಂಪಿಸಿಲಿನ್ ಎಂಬ ಪ್ರತಿಜೀವಕ ಹೊಸ ಕೋಶಭಿತ್ತಿಯ ನಿರ್ಮಾಣವನ್ನು ತಡೆಯುವಂಥದ್ದಾದ್ದರಿಂದ ಈ ಹಂತವನ್ನು ಮೊಟಕುಗೊಳಿಸಿದರೂ ಹಲವು ಬಾರಿ ವಸಾಹತುಗಳು (ಒಂದೊಂದು ಕೋಶದಿಂದ ಬೆಳೆದ ಗುಂಪುಗಳು) ಸಿಗುತ್ತವೆ. ಕ್ಯಾನಮೈಸಿನ್ ಹಾಗಲ್ಲ, ಅದು ಪ್ರೋಟೀನ್ ತಯಾರಿಕೆಯನ್ನೇ ಕೆಡಿಸುತ್ತದೆ, ಆದ್ದರಿಂದ ರಕ್ಷಣೆಯ ಪ್ರೋಟೀನ್ ಮೊದಲೇ ಸಿದ್ಧವಾಗಿರದಿದ್ದರೆ ಕೋಶ ಉಳಿಯುವುದಿಲ್ಲ. ಅತ್ತ ಆಂಪಿಸಿಲಿನ್ ತಟ್ಟೆಯಲ್ಲಿ ಬೇರೊಂದು ತೊಡಕಿದೆ: ನಿಜವಾದ ವಸಾಹತಿನಿಂದ ಹೊರಬರುವ ಬೀಟಾ-ಲ್ಯಾಕ್ಟಮೇಸ್ ಕಿಣ್ವ ಸುತ್ತಲಿನ ಆಂಪಿಸಿಲಿನ್ನನ್ನು ಒಡೆಯುವುದರಿಂದ, ಪ್ಲಾಸ್ಮಿಡ್ ಇಲ್ಲದ ಸಣ್ಣ ಸಣ್ಣ ವಸಾಹತುಗಳು ಅದರ ಸುತ್ತ ಬೆಳೆಯುತ್ತವೆ. ತಟ್ಟೆಯನ್ನು ಅತಿಯಾಗಿ ಹೊತ್ತು ಬೆಳೆಸದೆ, ದೊಡ್ಡ ವಸಾಹತನ್ನೇ ಆರಿಸಿಕೊಳ್ಳಿ.

ಕ್ಯಾಲ್ಸಿಯಂ ವಿಧಾನದಲ್ಲಿ ಒಂದು ಮೈಕ್ರೊಗ್ರಾಂ ಶುದ್ಧ ಪ್ಲಾಸ್ಮಿಡ್‌ಗೆ ಹತ್ತು ಲಕ್ಷದಿಂದ ಹತ್ತು ಕೋಟಿಯವರೆಗೆ ವಸಾಹತುಗಳು ದೊರೆಯುವುದು ಸಾಮಾನ್ಯ. ಪರಿಚಿತ ಪ್ಲಾಸ್ಮಿಡ್ಡನ್ನು ಇನ್ನೊಂದು ಕೋಶಕ್ಕೆ ಹಾಕಲು ಇದು ಧಾರಾಳವಾಯಿತು. ಪ್ಲಾಸ್ಮಿಡ್‌ಗೆ ಜೋಡಿಸಿದ ಡಿಎನ್‌ಎ ತುಣುಕುಗಳ ಮಿಶ್ರಣವೊಂದರಿಂದ ದೊಡ್ಡ ಜೀನ್ ಸಂಗ್ರಹವನ್ನೇ ಕಟ್ಟಬೇಕಾದಾಗ, ಇಲ್ಲವೆ ಪ್ಲಾಸ್ಮಿಡ್ ತೀರಾ ದೊಡ್ಡದಾಗಿದ್ದಾಗ ಇದು ಸಾಲದು. ಅಲ್ಲಿ ಎಲೆಕ್ಟ್ರೊಪೊರೇಶನ್ ಬೇಕಾಗುತ್ತದೆ. ಕ್ಷಣಕಾಲದ ಪ್ರಬಲ ವಿದ್ಯುತ್ ಕ್ಷೇತ್ರ ಪೊರೆಯಲ್ಲಿ ತಾತ್ಕಾಲಿಕ ರಂಧ್ರಗಳನ್ನು ಉಂಟುಮಾಡುತ್ತದೆ, ಅವುಗಳ ಮೂಲಕ ಡಿಎನ್‌ಎ ಒಳಗೆ ಸಾಗುತ್ತದೆ. 1982ರಲ್ಲಿ ನಾಯ್ಮನ್ ಮತ್ತು ಸಂಗಡಿಗರು ಇಲಿಯ ಕೋಶಗಳಲ್ಲಿ ಇದನ್ನು ಸಾಧಿಸಿದರು. ಇಲ್ಲಿ ಬಹಳ ಸುಂದರವಾದ ಭೌತಶಾಸ್ತ್ರದ ನಿಯಮವೊಂದು ಅಡಗಿದೆ: ಹೊರಗಿನ ಕ್ಷೇತ್ರದಿಂದ ಪೊರೆಯ ಎರಡು ಬದಿಗಳ ನಡುವೆ ಉಂಟಾಗುವ ವೋಲ್ಟೇಜ್ ಕೋಶದ ತ್ರಿಜ್ಯಕ್ಕೆ ಅನುಪಾತದಲ್ಲಿರುತ್ತದೆ. ಹೀಗಾಗಿ ಪುಟ್ಟ ಇ. ಕೊಲೈಗೆ ಪ್ರತಿ ಸೆಂಟಿಮೀಟರಿಗೆ 12ರಿಂದ 18 ಕಿಲೊವೋಲ್ಟ್ ಬೇಕಾದರೆ, ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದಾದ ಪ್ರಾಣಿಕೋಶಕ್ಕೆ ಒಂದು ಕಿಲೊವೋಲ್ಟಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ ಸಾಕು. ಒಂದರ ಕ್ರಮವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಿದರೆ ಕೋಶಗಳೆಲ್ಲ ಸಾಯುತ್ತವೆ, ಇಲ್ಲವೆ ಏನೂ ಆಗುವುದಿಲ್ಲ. ಬ್ಯಾಕ್ಟೀರಿಯಾದ ಮಟ್ಟಿಗೆ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ದ್ರಾವಣದಲ್ಲಿ ಲವಣ ಉಳಿದಿದ್ದರೆ ವಿದ್ಯುತ್ ಕಿಡಿ ಹಾರಿ ಮಾದರಿ ಹಾಳಾಗುತ್ತದೆ, ಆದ್ದರಿಂದ ಕೋಶಗಳನ್ನು ತಣ್ಣನೆಯ ಶುದ್ಧ ನೀರು ಅಥವಾ ಗ್ಲಿಸರಾಲ್ ದ್ರಾವಣದಲ್ಲಿ ಚೆನ್ನಾಗಿ ತೊಳೆಯಬೇಕು, ಜೋಡಣೆಯ ಮಿಶ್ರಣದಲ್ಲಿನ ಲವಣವನ್ನೂ ತೆಗೆಯಬೇಕು.

ಪ್ರಾಣಿಕೋಶಗಳ ವಿಷಯಕ್ಕೆ ಬಂದರೆ, ಅಲ್ಲಿ ಕೋಶಭಿತ್ತಿ ಇಲ್ಲ. ಅವು ಹೊರಗಿನ ಕಣಗಳನ್ನು ತಾವಾಗಿಯೇ ಒಳಗೆಳೆದುಕೊಳ್ಳಬಲ್ಲವು. ಗ್ರಹಾಂ ಮತ್ತು ವಾನ್ ಡೆರ್ ಎಬ್ 1973ರಲ್ಲಿ ಡಿಎನ್‌ಎಯನ್ನು ಕ್ಯಾಲ್ಸಿಯಂ ಫಾಸ್ಫೇಟಿನ ಸೂಕ್ಷ್ಮ ಕಣಗಳೊಡನೆ ಬೆರೆಸಿ ಕೋಶಗಳ ಮೇಲೆ ಬಿಟ್ಟರು. 1987ರಲ್ಲಿ ಫೆಲ್ಗ್ನರ್ ಮತ್ತು ಸಂಗಡಿಗರು ಧನಾವೇಶದ ಲಿಪಿಡ್‌ಗಳಿಂದ ಡಿಎನ್‌ಎಯನ್ನು ಸುತ್ತುವರಿಸಿ ಕೊಡುವ ವಿಧಾನವನ್ನು ಪ್ರಕಟಿಸಿದರು. ಎರಡರಲ್ಲಿಯೂ ಕಣ ಒಳಗೆ ಹೋಗುವುದು ಎಂಡೊಸೋಮ್ ಎಂಬ ಚೀಲದೊಳಗೆ ಸಿಕ್ಕಿಕೊಂಡೇ. ಆ ಚೀಲ ಕ್ರಮೇಣ ಆಮ್ಲೀಯವಾಗಿ, ಕೊನೆಗೆ ಒಳಗಿದ್ದುದನ್ನು ಜೀರ್ಣಿಸುವ ಕಿಣ್ವಗಳ ಪಾಲಾಗಿಸುತ್ತದೆ. ಅದಕ್ಕೆ ಮೊದಲು ತಪ್ಪಿಸಿಕೊಂಡು ಕೋಶದ್ರವಕ್ಕೆ ಬರುವ ಪಾಲು ಬಹಳ ಕಡಿಮೆ. ಅದರಲ್ಲಿಯೂ ಕೋಶಕೇಂದ್ರವನ್ನು ತಲುಪುವುದು ಇನ್ನೂ ಕಡಿಮೆ. ವಿಭಜನೆಯ ಹೊತ್ತಿಗೆ ಕೋಶಕೇಂದ್ರದ ಪೊರೆ ಕರಗುವುದರಿಂದ ಚುರುಕಾಗಿ ವಿಭಜಿಸುವ ಕೋಶಗಳಲ್ಲಿ ಈ ವಿಧಾನಗಳು ಚೆನ್ನಾಗಿ ನಡೆಯುತ್ತವೆ, ವಿಭಜಿಸದ ನರಕೋಶಗಳಲ್ಲಿ ಸೋಲುತ್ತವೆ. ಕಳಿಸಬೇಕಾದುದು ಆರ್‌ಎನ್‌ಎ ಆಗಿದ್ದರೆ ಕೋಶಕೇಂದ್ರದ ತೊಂದರೆಯೇ ಇಲ್ಲ, ಅದರ ಕೆಲಸ ಕೋಶದ್ರವದಲ್ಲಿಯೇ ನಡೆಯುತ್ತದೆ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಲ್ಲಿ ಬಳಸಿದ ಲಿಪಿಡ್ ನ್ಯಾನೊಕಣಗಳು ಎಂಡೊಸೋಮಿನ ತೊಡಕನ್ನೇ ಉಪಾಯವಾಗಿಸಿಕೊಂಡಿವೆ: ಅವುಗಳಲ್ಲಿನ ಮುಖ್ಯ ಲಿಪಿಡ್ ರಕ್ತದಲ್ಲಿ ಹೆಚ್ಚುಕಡಿಮೆ ತಟಸ್ಥವಾಗಿದ್ದು, ಎಂಡೊಸೋಮಿನ ಆಮ್ಲೀಯತೆಯಲ್ಲಿ ಧನಾವೇಶ ಪಡೆದು ಅದರ ಪೊರೆಯನ್ನು ಕದಡುತ್ತದೆ.

ವೈರಸ್‌ಗಳು ಈ ಅಡ್ಡಿಗಳನ್ನೆಲ್ಲ ದಾಟಲೆಂದೇ ವಿಕಾಸಗೊಂಡಿರುವುದರಿಂದ, ಅವುಗಳ ರೋಗಕಾರಕ ಜೀನ್‌ಗಳನ್ನು ತೆಗೆದು ನಮ್ಮ ಜೀನ್ ತುಂಬುವುದು ಸಹಜವಾದ ಆಲೋಚನೆ. ದಕ್ಷತೆಯಲ್ಲಿ ಬೇರಾವ ವಿಧಾನವೂ ಇವಕ್ಕೆ ಸರಿಸಾಟಿಯಲ್ಲ. ಮಿತಿ ಇರುವುದು ಸ್ಥಳಾವಕಾಶದಲ್ಲಿ. ಅಡಿನೊ-ಅಸೋಸಿಯೇಟೆಡ್ ವೈರಸ್ಸಿನ ಕವಚದೊಳಗೆ ಸುಮಾರು 4.7 ಕಿಲೊಬೇಸ್ (ಒಂದು ಕಿಲೊಬೇಸ್ ಎಂದರೆ ಡಿಎನ್‌ಎಯ ಸಾವಿರ ಅಕ್ಷರಗಳು) ಮಾತ್ರ ಹಿಡಿಸುತ್ತದೆ. ಸ್ನಾಯುಕ್ಷಯದ ಚಿಕಿತ್ಸೆಗೆ ಬೇಕಾದ ಡಿಸ್ಟ್ರೋಫಿನ್ ಪ್ರೋಟೀನಿನ ಸಂಕೇತ ಭಾಗವೇ ಸುಮಾರು 11 ಕಿಲೊಬೇಸ್ ಇದೆ. ಆದ್ದರಿಂದ ಅದರ ಮೊಟಕು ರೂಪವೊಂದನ್ನು ವಿನ್ಯಾಸಗೊಳಿಸಬೇಕಾಯಿತು. ಅಪಾಯಗಳನ್ನೂ ಮರೆಯುವಂತಿಲ್ಲ. 1999ರಲ್ಲಿ ಅಮೆರಿಕದಲ್ಲಿ ಅಡಿನೊವೈರಸ್ ವಾಹಕದ ಪ್ರಯೋಗಕ್ಕೆ ಒಳಗಾದ 18 ವರ್ಷದ ಯುವಕನೊಬ್ಬ ತೀವ್ರ ರೋಗನಿರೋಧಕ ಪ್ರತಿಕ್ರಿಯೆಯಿಂದ ತೀರಿಕೊಂಡ. ಫ್ರಾನ್ಸಿನಲ್ಲಿ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಮಕ್ಕಳಿಗೆ ರೆಟ್ರೊವೈರಸ್ ವಾಹಕದಿಂದ ಚಿಕಿತ್ಸೆ ನೀಡಿದಾಗ ರೋಗವೇನೋ ಗುಣವಾಯಿತು, ಆದರೆ ವಾಹಕ ಕೋಶಗಳ ಬೆಳವಣಿಗೆಯನ್ನು ಮಿತಿಮೀರಿಸಬಲ್ಲ ಎಲ್‌ಎಂಒ2 ಎಂಬ ಜೀನಿನ ಬಳಿ ಸೇರಿಕೊಂಡದ್ದರಿಂದ ಕೆಲವು ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದಿತು. ಜೀನ್ ಒಳಸೇರಿದರೆ ಸಾಲದು, ಎಲ್ಲಿ ಸೇರುತ್ತದೆ ಎಂಬುದೂ ಅಷ್ಟೇ ಮುಖ್ಯವೆಂದು ನಾನು ಒತ್ತಿ ಹೇಳುವುದು ಇದರಿಂದಾಗಿಯೇ. ಕುಡುಗೋಲು ಕಣ ರಕ್ತಹೀನತೆಗೆ 2023ರಲ್ಲಿ ಮಂಜೂರಾದ ಕ್ರಿಸ್ಪರ್ ಚಿಕಿತ್ಸೆಯಲ್ಲಿ ವೈರಸ್ ಬಳಸದೆ, ರೋಗಿಯ ರಕ್ತದ ಆಕರಕೋಶಗಳನ್ನು ಹೊರತೆಗೆದು, ಎಲೆಕ್ಟ್ರೊಪೊರೇಶನ್ನಿನಿಂದಲೇ ಜೀನ್ ತಿದ್ದುವ ಸಾಮಗ್ರಿಯನ್ನು ಒಳಗೆ ಕಳಿಸುತ್ತಾರೆ. ಅಲ್ಲಿ ಆ ಸಾಮಗ್ರಿ ಸ್ವಲ್ಪ ಕಾಲವಿದ್ದು ಮಾಯವಾಗುವುದೇ ಬೇಕಾಗಿರುವುದು.

ಸಸ್ಯಗಳಲ್ಲಿ ದಪ್ಪವಾದ ಸೆಲ್ಯುಲೋಸ್ ಭಿತ್ತಿಯೇ ಮುಖ್ಯ ಅಡ್ಡಿ. ಕಿಣ್ವಗಳಿಂದ ಭಿತ್ತಿಯನ್ನು ಕರಗಿಸಿ, ಉಳಿದ ಬೆತ್ತಲೆ ಕೋಶಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ನೆರವಿನಿಂದ ಡಿಎನ್‌ಎ ಕೊಡಬಹುದು, ಆದರೆ ಅಂಥ ಕೋಶದಿಂದ ಇಡೀ ಗಿಡವನ್ನು ಮರಳಿ ಬೆಳೆಸುವುದು ಹಲವು ಜಾತಿಗಳಲ್ಲಿ ಕಷ್ಟ. ಇದಕ್ಕೆ ನಿಸರ್ಗದಲ್ಲಿಯೇ ಒಂದು ಉತ್ತರವಿತ್ತು. ಅಗ್ರೋಬ್ಯಾಕ್ಟೀರಿಯಂ ಟ್ಯೂಮಿಫೇಶಿಯನ್ಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಗಾಯಗೊಂಡ ಗಿಡ ಸ್ರವಿಸುವ ಅಸಿಟೊಸಿರಿಂಗೋನ್‌ನಂಥ ರಾಸಾಯನಿಕಗಳನ್ನು ಗ್ರಹಿಸಿ, ತನ್ನ ಟಿಐ ಪ್ಲಾಸ್ಮಿಡ್ಡಿನ ಟಿ-ಡಿಎನ್‌ಎ ಎಂಬ ಭಾಗವನ್ನು ಬಿಡಿಸಿಕೊಂಡು, ಅದನ್ನು ಗಿಡದ ಕೋಶಕ್ಕೆ ಸಾಗಿಸಿ, ವರ್ಣತಂತುವಿಗೇ ಸೇರಿಸಿಬಿಡುತ್ತದೆ. ಅಲ್ಲಿ ಗಡ್ಡೆ ಬೆಳೆಯುತ್ತದೆ. ಯಾವ ಭಾಗ ಸಾಗಬೇಕೆಂಬುದನ್ನು ನಿರ್ಧರಿಸುವುದು ಅದರ ಎರಡು ತುದಿಗಳಲ್ಲಿರುವ ಸುಮಾರು 25 ಬೇಸ್ ಜೋಡಿಗಳ ಗಡಿಗಳು ಮಾತ್ರ. ಗಡ್ಡೆ ಬರಿಸುವ ಜೀನ್‌ಗಳನ್ನು ತೆಗೆದು ಆ ಗಡಿಗಳ ನಡುವೆ ನಮಗೆ ಬೇಕಾದುದನ್ನು ಇಟ್ಟರೂ ಬ್ಯಾಕ್ಟೀರಿಯಾ ಅದನ್ನು ನಿಷ್ಠೆಯಿಂದ ಸಾಗಿಸುತ್ತದೆ. 1983ರ ಹೊತ್ತಿಗೆ ಮೇರಿ-ಡೆಲ್ ಚಿಲ್ಟನ್, ಮಾರ್ಕ್ ವಾನ್ ಮೊಂಟಗು, ಜೆಫ್ ಶೆಲ್ ಮೊದಲಾದವರ ಕೆಲಸದಿಂದ ಮೊದಲ ಕುಲಾಂತರಿ ಸಸ್ಯಗಳು ದೊರೆತವು. ನಾನು ಬಲ್ಲ ವಿಧಾನಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದುದು ಇದು, ಏಕೆಂದರೆ ಇದನ್ನು ಯಾರೂ ಕಂಡುಹಿಡಿದು ಕಟ್ಟಲಿಲ್ಲ; ಗಿಡವೊಂದರ ರೋಗವನ್ನು ತಾಳ್ಮೆಯಿಂದ ಅಧ್ಯಯನ ಮಾಡಿದವರಿಗೆ ಅದು ದಕ್ಕಿತು. ಅರಾಬಿಡಾಪ್ಸಿಸ್ ಗಿಡದಲ್ಲಂತೂ ಹೂಗೊಂಚಲನ್ನು ಈ ಬ್ಯಾಕ್ಟೀರಿಯಾದ ದ್ರಾವಣದಲ್ಲಿ ಅದ್ದಿದರೆ ಸಾಕು, ಕೆಲವು ಬೀಜಗಳಲ್ಲಿ ಜೀನ್ ಸೇರಿರುತ್ತದೆ.

ಹಾಗಾದರೆ ಜೀನ್ ಗನ್ ಏಕೆ ಉಳಿದಿದೆ? 1987ರಲ್ಲಿ ಜಾನ್ ಸ್ಯಾನ್‌ಫರ್ಡ್ ಮತ್ತು ಸಂಗಡಿಗರು ಡಿಎನ್‌ಎ ಲೇಪಿಸಿದ ಟಂಗ್‌ಸ್ಟನ್ ಕಣಗಳನ್ನು ಈರುಳ್ಳಿಯ ಹೊರಪದರದ ಕೋಶಗಳೊಳಗೆ ವೇಗವಾಗಿ ಹಾರಿಸಿ ಇದನ್ನು ತೋರಿಸಿಕೊಟ್ಟರು. ಬಹುಮಟ್ಟಿಗೆ ಯಾವ ಜಾತಿಯ ಗಿಡಕ್ಕಾದರೂ ಇದು ನಡೆಯುತ್ತದೆ, ಅಗ್ರೋಬ್ಯಾಕ್ಟೀರಿಯಂಗೆ ಒಗ್ಗದ ಜಾತಿಗಳಿಗೂ. ಅದಕ್ಕಿಂತ ಮುಖ್ಯವಾಗಿ, ಕ್ಲೋರೊಪ್ಲಾಸ್ಟಿನೊಳಗೆ ಡಿಎನ್‌ಎ ಸೇರಿಸಬೇಕಾದರೆ ಇದೇ ಮುಖ್ಯ ದಾರಿ. ಹಲವು ಪ್ರತಿಗಳು ಒಡೆದ ಚೂರುಗಳಾಗಿ ಒಂದೇ ಕಡೆ ಸೇರಿಕೊಳ್ಳುವುದು ಇದರ ದೊಡ್ಡ ಕೊರತೆ. ಸೂಕ್ಷ್ಮ ಗಾಜಿನ ಸೂಜಿಯಿಂದ ಚುಚ್ಚುವ ಮೈಕ್ರೊಇಂಜೆಕ್ಷನ್ ಒಂದೊಂದೇ ಕೋಶವನ್ನು ಹಿಡಿದು ಮಾಡುವ ಕೆಲಸವಾದ್ದರಿಂದ, ಫಲಿತ ಅಂಡದಂಥ ಅಮೂಲ್ಯ ಕೋಶಗಳಿಗೆ ಮೀಸಲು.

ನೀವು ಮುಂದೆ ಈ ಪ್ರಯೋಗ ಮಾಡುವುದಾದರೆ, ಯಾವ ವಿಧಾನ ಆರಿಸಿದರೂ ಡಿಎನ್‌ಎ ಹಾಕದ ಒಂದು ಮಾದರಿಯನ್ನೂ, ಖಚಿತವಾಗಿ ಫಲ ಕೊಡುವ ಪರಿಚಿತ ಪ್ಲಾಸ್ಮಿಡ್ ಹಾಕಿದ ಇನ್ನೊಂದು ಮಾದರಿಯನ್ನೂ ಜೊತೆಗೆ ನಡೆಸಿ. ಮೊದಲನೆಯದರಲ್ಲಿ ವಸಾಹತು ಬೆಳೆದರೆ ಪ್ರತಿಜೀವಕ ಕೆಟ್ಟಿದೆ ಅಥವಾ ಕೋಶಗಳು ಕಲಬೆರಕೆಯಾಗಿವೆ. ಎರಡನೆಯದರಲ್ಲಿ ಬೆಳೆಯದಿದ್ದರೆ ಕೋಶಗಳ ತಯಾರಿಯಲ್ಲಿ ದೋಷವಿದೆ, ನಿಮ್ಮ ಜೋಡಣೆಯನ್ನು ದೂರುವುದು ಬೇಡ. ಜೀನ್ ಸೇರಿತೆಂದು ಬರಿಯ ಪಿಸಿಆರ್ (ಬೇಕಾದ ಡಿಎನ್‌ಎ ಭಾಗವನ್ನು ಪದೇ ಪದೇ ನಕಲಿಸಿ ಪತ್ತೆಹಚ್ಚುವ ಪರೀಕ್ಷೆ) ನಂಬಿ ಘೋಷಿಸುವ ಮುನ್ನವೂ ತಡೆಯಿರಿ. ತಟ್ಟೆಯ ಮೇಲೆ ಉಳಿದಿರುವ ಪ್ಲಾಸ್ಮಿಡ್ ಕೂಡ, ಗಿಡದ ಅಂಗಾಂಶದಲ್ಲಿ ಅಡಗಿರುವ ಅಗ್ರೋಬ್ಯಾಕ್ಟೀರಿಯಂ ಕೂಡ ಅದೇ ಫಲಿತಾಂಶವನ್ನು ತೋರಿಸುತ್ತವೆ. ಗಿಡದಲ್ಲಿ ಟಿ-ಡಿಎನ್‌ಎಯ ಗಡಿಯ ಹೊರಗಿರುವ ಪ್ಲಾಸ್ಮಿಡ್ ಭಾಗವನ್ನು ಅಥವಾ ಟಿ-ಡಿಎನ್‌ಎಯನ್ನು ಸಾಗಿಸಲು ನೆರವಾಗುವ, ಬ್ಯಾಕ್ಟೀರಿಯಾದ್ದೇ ಆದ ವಿಐಆರ್ ಜೀನನ್ನು ಜೊತೆಯಲ್ಲಿ ಪರೀಕ್ಷಿಸಿ, ಆಮೇಲೆ ಮುಂದಿನ ತಲೆಮಾರಿನ ಸಸಿಗಳಲ್ಲಿ ಜೀನ್ ಯಾವ ಅನುಪಾತದಲ್ಲಿ ಹಂಚಿಹೋಗಿದೆ ಎಂಬುದನ್ನು ಎಣಿಸಿ ನೋಡಿ.