ಪ್ರತಿಕ್ರಿಯೆ: ಅಮ್ಮ ನೆಟ್ಟ ಲಿಲ್ಲಿ ಗಡ್ಡೆ ಉಳಿಸಿಕೊಳ್ಳಬಹುದು

ಅಕ್ಕಾ, ಕೊಪ್ಪಳದ ಮನೆಯಲ್ಲಿ ನಿಮ್ಮ ತಾಯಿ ನೆಟ್ಟ ಅಮರಿಲ್ಲಿಸ್ ಲಿಲ್ಲಿಯ ಎಲೆ ಟೊಳ್ಳಾಗಿ ಜೋತುಬಿದ್ದಿದೆ, ಗಡ್ಡೆ ಉಳಿಯುತ್ತಾ ಅಂತ ಕೇಳಿದ್ದೀರಿ. ಒತ್ತಿ ನೋಡಿ. ಒಳಗೆ ಗಟ್ಟಿ ಇದ್ದರೆ ಉಳಿಯುತ್ತದೆ.

ಇದು ಲಿಲ್ಲಿ ಪತಂಗದ ಮರಿಹುಳುವಿನ ಕೆಲಸ. ಬಳ್ಳಾರಿಯ ನಮ್ಮ ಕುಂಡಗಳಿಗೂ ಬಂದಿತ್ತು. ಎಲೆಯನ್ನು ಬೆಳಕಿಗೆ ಹಿಡಿದರೆ ಎರಡು ಪದರದ ನಡುವೆ ಕಪ್ಪು ಹುಳು, ಅದರ ಹಸಿ ಹಿಕ್ಕೆ ಕಾಣುತ್ತದೆ. ಎಲೆ ಮುಗಿದರೆ ಗಡ್ಡೆಗೇ ಇಳಿಯುತ್ತದೆ, ಅದಕ್ಕೇ ತಡ ಮಾಡಬೇಡಿ.

ಇವತ್ತೇ ಅಗೆದು ತೆಗೆಯಿರಿ. ಟೊಳ್ಳು ಎಲೆ ಕತ್ತರಿಸಿ ಸೋಪಿನ ನೀರಲ್ಲಿ ಮುಳುಗಿಸಿ. ಮೆತ್ತಗಾದ ಕಂದು ಪದರಗಳನ್ನು ಸ್ವಚ್ಛ ಚಾಕುವಿನಿಂದ ಬಿಳಿ ಭಾಗ ಕಾಣುವವರೆಗೆ ಕೆತ್ತಿ. ಬುಡದ ಗಟ್ಟಿ ಬಿಲ್ಲೆ ಮಾತ್ರ ಮುಟ್ಟಬೇಡಿ, ಬೇರು ಬರುವುದೇ ಅಲ್ಲಿಂದ. 3-4 ದಿನ ನೆರಳಲ್ಲಿ ಆರಲಿ. ನಮ್ಮ ಕಡೆ ಬಿಸಿಲಿಗೆ ಇಟ್ಟರೆ ಬೆಂದೇ ಹೋಗುತ್ತದೆ, ಅಲ್ವಾ?

ಹಳೇ ಮಣ್ಣಲ್ಲಿ ಹುಳುವಿನ ಕೋಶ ಇರಬಹುದು, ಅದು ಬೇಡ. ಬರೀ ಎರೆಮಣ್ಣು ನೀರು ಹಿಡಿದುಕೊಳ್ಳುತ್ತದೆ. ಮರಳು, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲಿರಲಿ. ಹೊಸ ಎಲೆ ಬಂದ ಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು ಕಲಸಿ ವಾರಕ್ಕೊಮ್ಮೆ ಸಂಜೆ ಸಿಂಪಡಿಸಿ. ಎಲೆಯ ಅಡಿಭಾಗ ದಿನಾ ನೋಡಿ. ಮೊಟ್ಟೆಗಳು ಗುಂಪಾಗಿ ಅಂಟಿಕೊಂಡಿರುತ್ತವೆ, ಬೆರಳಲ್ಲೇ ಉಜ್ಜಿಬಿಡಿ.