ಕೋರ್ಸಿಗೆ ಸೇರಿದವರು ಮೂರನೇ ವಾರಕ್ಕೆ ಎಲ್ಲಿ ಹೋಗ್ತಾರೆ?

ಪ್ರಶ್ನೆ: ನಮ್ಮ ಕಾಲೇಜಿನ ಹುಡುಗರು ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸಿಗೆ ಖುಷಿಯಿಂದ ಹೆಸರು ಕೊಡುತ್ತಾರೆ. ಎರಡು ವಾರ ವಿಡಿಯೊ ನೋಡುತ್ತಾರೆ, ಆಮೇಲೆ ಅಸೈನ್‌ಮೆಂಟ್ ಕೂಡ ಹಾಕುವುದಿಲ್ಲ. ಪಾಯಿಂಟ್ಸ್, ಬಹುಮಾನ, ಯಾರು ಮುಂದಿದ್ದಾರೆ ಅನ್ನುವ ಪಟ್ಟಿ ಇಟ್ಟರೆ ಸರಿಹೋಗುತ್ತಾ?
– ಉಪನ್ಯಾಸಕಿ, ತುಮಕೂರು

ಉತ್ತರ: ಪಟ್ಟಿ ಮಾತ್ರ ಬೇಡ ಮೇಡಂ. ಮೇಲಿನ ನಾಲ್ಕೈದು ಮಂದಿಗೆ ಅದು ಖುಷಿ ಕೊಡುತ್ತದೆ, ಆದರೆ ಅವರು ಪಟ್ಟಿ ಇಲ್ಲದಿದ್ದರೂ ಓದುವವರೇ. ಕೊನೆಯಲ್ಲಿ ತನ್ನ ಹೆಸರು ಕಂಡ ಹುಡುಗನಿಗೆ ಮತ್ತೆ ಲಾಗಿನ್ ಆಗುವ ಮನಸ್ಸು ಬರುತ್ತಾ? ಬಹುಮಾನದಲ್ಲೂ ಹುಷಾರಾಗಿರಿ. 1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಜೊತೆಗಾರರು ಅಮೆರಿಕದ ನರ್ಸರಿ ಮಕ್ಕಳಲ್ಲಿ ಇದನ್ನು ನೋಡಿದ್ದರು. ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು, ಆಮೇಲೆ ಸುಮ್ನೆ ಬಿಟ್ಟಾಗ ಬೇರೆ ಮಕ್ಕಳಿಗಿಂತ ಕಡಿಮೆ ಚಿತ್ರ ಬಿಡಿಸಿದರು.

ನಿಮ್ಮ ಹುಡುಗರಿಗೆ ಆಸೆ ಇದೆ, ಅದಕ್ಕೇ ಸೇರಿದ್ದಾರೆ ಅಲ್ವಾ. ಜನರ ನಡವಳಿಕೆಯ ಬಗ್ಗೆ ಸಂಶೋಧನೆ ಮಾಡುವ ಸ್ಟ್ಯಾನ್‌ಫರ್ಡಿನ ಬಿ.ಜೆ. ಫಾಗ್ ಪ್ರಕಾರ ಆಸೆಯೊಂದೇ ಸಾಲದು. ಕೆಲಸ ಸುಲಭ ಇರಬೇಕು, ಅದೇ ಹೊತ್ತಿಗೆ ಯಾರೋ ಏನೋ ನೆನಪಿಸಬೇಕು. ಹಾಗಾಗಿ 'ಬಿಡುವಾದಾಗ ನೋಡ್ತೀನಿ' ಅಂದವರಿಂದ 'ಮಂಗಳವಾರ ಲ್ಯಾಬ್ ಮುಗಿದ ಮೇಲೆ ಲೈಬ್ರರಿಯಲ್ಲಿ ಕೂತು ಒಂದು ವಿಡಿಯೊ' ಅಂತ ಬರೆಸಿ. ಆದರೆ ಒಂದು ಸಲ ಬರೆಸಿ ಕೈತೊಳೆದುಕೊಳ್ಳಬೇಡಿ. ಹಾರ್ವರ್ಡ್, ಎಂಐಟಿ, ಸ್ಟ್ಯಾನ್‌ಫರ್ಡಿನ ಆನ್‌ಲೈನ್ ಕೋರ್ಸುಗಳಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿಯನ್ನು ಇಟ್ಟುಕೊಂಡು ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ಯೋಜನೆ ಬರೆಸಿದ್ದು ಮೊದಲ ಕೆಲವು ವಾರ ಕೆಲಸ ಮಾಡಿತು, ಕೋರ್ಸ್ ಮುಗಿಸಿದವರ ಸಂಖ್ಯೆ ಮಾತ್ರ ಹೆಚ್ಚಲಿಲ್ಲ. ನಾನಾದರೆ ಪ್ರತಿ ಸೋಮವಾರ ಬರೆಸುತ್ತೇನೆ, ಆ ವಾರದ್ದು ಮಾತ್ರ, ಎರಡು ನಿಮಿಷದ ಕೆಲಸ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಒಂದೆರಡು ವಾರ ತಪ್ಪಿಸಿಕೊಂಡವರು. ಹಬ್ಬ, ಇಂಟರ್ನಲ್ಸ್, ಜ್ವರ, ಏನೋ ಒಂದು ಬರುತ್ತದೆ, 'ಇನ್ನು ಮುಗೀತು' ಅಂತ ಕೈಬಿಡುತ್ತಾರೆ. ನಿಜವಾಗಿ ಮುಗಿದಿರುವುದಿಲ್ಲ! ಸಾಮಾನ್ಯವಾಗಿ 12 ವಾರದ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ ಬರುತ್ತವೆ, ಪಾಸಾಗಲು ಅಸೈನ್‌ಮೆಂಟಿಗಿರುವ 25 ಅಂಕದಲ್ಲಿ 10 ಬಂದರೆ ಸಾಕು. ಜೊತೆಗೆ ಪರೀಕ್ಷೆಯ 75ರಲ್ಲಿ 30 ಬೇಕು. ಇದು ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು, ಕೇಳಿ ನೋಡಿ. ಮೂರನೇ ವಾರ ಕಾಣದವರಿಗೆ ಒಬ್ಬೊಬ್ಬರಿಗೇ ವಾಟ್ಸ್‌ಆ್ಯಪ್ ಮಾಡಿ, ಗುಂಪಿನಲ್ಲಿ ಹೆಸರೆತ್ತಬೇಡಿ. 'ತಪ್ಪಿಹೋದದ್ದು ಬಿಡಪ್ಪ, ಈ ವಾರದ್ದು ಹಾಕು, ಇನ್ನೂ ಪಾಸಾಗ್ತೀಯ' ಅಂತ ಬರೆದು, ಅದರ ಕೆಳಗೇ ಈ ವಾರದ ಅಸೈನ್‌ಮೆಂಟಿನ ಲಿಂಕ್ ಹಾಕಿ.