ಹೊಸ ಕಾರಿನ ಬಾಗಿಲಿಗೆ ಮತ್ತೆ ಪೇಂಟ್ ಹೊಡೆದಿದ್ದಾರೆ, ಏನು ಮಾಡಲಿ?

ಕಾರು ತಗೊಂಡು ತಿಂಗಳಾಗಿದೆ, ಎಡಗಡೆ ಬಾಗಿಲಿಗೆ ಮರುಪೇಂಟ್ ಆದ ಹಾಗಿದೆ, ಶೋರೂಮಿನವರು "ಗಾಡಿ ಬಿಟ್ಟು ಹೋಗಿ, ಪಾಲಿಶ್ ಮಾಡಿಕೊಡುತ್ತೇವೆ" ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಈಗಲೇ ಬಿಟ್ಟು ಬರಬೇಡಿ. ಅವರು ಕೈ ಹಚ್ಚಿದರೆ ನಿಮ್ಮ ಸಾಕ್ಷಿಯೇ ಹೋಗುತ್ತದೆ.

ನನ್ನ ಕಾರಿನಲ್ಲೂ ಇಂಥದ್ದೇ ಆಗಿತ್ತು. ವಾಟರ್ ಸರ್ವಿಸ್‌ ಹುಡುಗ ಬಾನೆಟ್ ಎತ್ತಿ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಬೋಲ್ಟುಗಳನ್ನು ತೋರಿಸಿದ. ಒಂದು ಕಡೆಯವು ಬಾಡಿ ಬಣ್ಣದಲ್ಲೇ ನುಣ್ಣಗಿದ್ದವು. ಇನ್ನೊಂದು ಕಡೆ ಬೋಲ್ಟಿನ ಮೂಲೆಗಳಲ್ಲಿ ಬಣ್ಣ ಕಿತ್ತು ಲೋಹ ಕಾಣುತ್ತಿತ್ತು, ಅಂದರೆ ಸ್ಪ್ಯಾನರ್ ಹಾಕಿ ಬಿಚ್ಚಿದ್ದಾರೆ. ಬಾಗಿಲ ಅಂಚಿನ ರಬ್ಬರ್ ಬೀಡಿಂಗ್ ಸರಿಸಿದರೆ ಟೇಪ್ ಅಂಟಿಸಿ ಸ್ಪ್ರೇ ಮಾಡಿದ ಗೆರೆ ಉಗುರಿಗೆ ತಾಗುತ್ತಿತ್ತು. ಟ್ರೇಲರ್‌ನಲ್ಲಿ ಬರುವಾಗಲೋ ಯಾರ್ಡಿನಲ್ಲೋ ತಗುಲಿದ ಗಾಡಿಯನ್ನು ಹೀಗೆ ರಿಪೇರಿ ಮಾಡುವುದುಂಟು. ಮಾಡಲಿ. ಆದರೆ ಒಂದು ಮಾತೂ ಹೇಳದೆ ಪೂರ್ತಿ ಬೆಲೆ ತಗೊಳ್ಳುವುದು ಮೋಸ ಅಲ್ವಾ?

ಮೊದಲು ಹೊರಗಡೆ ಒಳ್ಳೆಯ ಡೀಟೇಲಿಂಗ್ ಅಂಗಡಿಯಲ್ಲಿ ಪೇಂಟ್ ದಪ್ಪ ಅಳೆಸಿ. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಒಂದೇ ಬಾಗಿಲು 300 ತೋರಿಸಿದರೆ ಮತ್ತೆ ಪೇಂಟ್ ಆಗಿದೆ ಅಂತಲೇ. ಇನ್ನೂ ತುಂಬಾ ಜಾಸ್ತಿ ಬಂದರೆ ಅಡಿಯಲ್ಲಿ ಪುಟ್ಟಿ ಇರುತ್ತದೆ. (ಬಂಪರ್ ಪ್ಲಾಸ್ಟಿಕ್, ಅಲ್ಲಿ ಈ ಮೀಟರ್ ನಡೆಯುವುದಿಲ್ಲ.) ಮೀಟರ್ ಮತ್ತು ನಂಬರ್ ಪ್ಲೇಟ್ ಎರಡೂ ಬರುವಂತೆ ವಿಡಿಯೊ ಮಾಡಿಕೊಳ್ಳಿ.

ಆಮೇಲೆ ಸರ್ವಿಸ್ ಸೆಂಟರಿನಲ್ಲಿ ಜಾಬ್ ಕಾರ್ಡ್ ಹಾಕಿಸಿ. "ಜನರಲ್ ಚೆಕಪ್" ಅಂತ ಬರೆದುಬಿಡುತ್ತಾರೆ, ಒಪ್ಪಬೇಡಿ. "ಎಡ ಬಾಗಿಲು ಮರುಪೇಂಟ್ ಆಗಿದೆ ಎಂದು ಗ್ರಾಹಕರ ದೂರು" ಎಂದೇ ಬರೆಸಿ. ಡೀಲರ್‌ಗೂ ಕಾರು ಕಂಪನಿಗೂ ಒಂದೇ ಇಮೇಲ್ ಕಳಿಸಿ, ಡೆಲಿವರಿಗೆ ಮುಂಚಿನ ತಪಾಸಣೆಯ (ಪಿಡಿಐ) ವರದಿ ಕೇಳಿ. ನನ್ನ ವಿಷಯದಲ್ಲಿ ಅವರ ಧಾಟಿ ಬದಲಾಗಿದ್ದು ಕಂಪನಿಗೆ ಇಮೇಲ್ ಹೋದ ಮೇಲೆಯೇ. ಅಲ್ಲಿಯವರೆಗೆ ಬರೀ "ನಾಳೆ ಬನ್ನಿ ಸಾರ್".

ಅದಕ್ಕೂ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಶೋರೂಮ್ ಎಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2 ವರ್ಷದೊಳಗೆ ಕೊಡಬೇಕು. ಕಾರಿಗೆ ಕೊಟ್ಟಿದ್ದು 50 ಲಕ್ಷ ದಾಟದಿದ್ದರೆ ಅಲ್ಲೇ ಆಗುತ್ತದೆ, ವಕೀಲರು ಕಡ್ಡಾಯವಲ್ಲ.

ಬರೀ ಪೇಂಟ್ ವಿಷಯಕ್ಕೆ ಹೊಸ ಕಾರು ಸಿಗುವುದು ಕಷ್ಟ, ಪರಿಹಾರ ಕೇಳಿ. ಆದರೆ ಪಿಲ್ಲರ್ (ಛಾವಣಿ ಹೊರುವ ಕಂಬ) ಅಥವಾ ಚಾಸಿ ಹತ್ತಿರ ಮರುವೆಲ್ಡಿಂಗ್ ಗುರುತು ಕಂಡರೆ ಯಾವ ರಿಪೇರಿಗೂ ಒಪ್ಪಬೇಡಿ, ಕಾರೇ ಬದಲಾಯಿಸಿ ಕೊಡಿ ಅಂತ ಪಟ್ಟು ಹಿಡಿಯಿರಿ.